ಹಗಲಿಡೀ ಓಡುವ ಟಿ.ವಿ. ಮತ್ತು ಮನೆಯ ಹಿರಿಯರು: ಹಾಸನ, ಚಿಕ್ಕಮಗಳೂರು ಕಡೆಯವರು ನಿಮ್ಮ ಅನುಭವ ತಿಳಿಸಿ

ಹಾಸನ_ಹಜಾರ (ಚರ್ಚೆ ಆರಂಭಿಸಿದವರು)

ನಮ್ಮ ತಂದೆಗೆ 78 ವರ್ಷ, ತಾಯಿಗೆ 72. ಇಬ್ಬರೂ ಹಾಸನದಲ್ಲಿ ನಮ್ಮೊಂದಿಗೇ ಇದ್ದಾರೆ, ತಮ್ಮ ಕೆಲಸ ತಾವು ಮಾಡಿಕೊಂಡು ಓಡಾಡುವಷ್ಟು ಆರೋಗ್ಯವೂ ಇದೆ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಜಾರದ ಟಿ.ವಿ. ಬೆಳಿಗ್ಗೆ ಪಂಚಾಂಗ ಹೇಳುವ ಹೊತ್ತಿಗೆ ಶುರುವಾದರೆ ರಾಶಿಫಲ, ಅದರ ಬೆನ್ನಿಗೆ ಸುದ್ದಿ, ಆಮೇಲೆ ಅಡುಗೆ ಕಾರ್ಯಕ್ರಮ, ಊಟದ ಹೊತ್ತಿಗೆ ಹಿಂದಿನ ರಾತ್ರಿಯ ಧಾರಾವಾಹಿಗಳ ಮರುಪ್ರಸಾರ, ಸಂಜೆ ಕಾಫಿಯವರೆಗೆ ಮತ್ತೆ ಸುದ್ದಿ, ಹೀಗೆ ಒಂದು ಗಳಿಗೆಯೂ ಬಿಡುವಿಲ್ಲದೆ ನಡೆಯುತ್ತದೆ. ಶಬ್ದವಂತೂ ಎದುರು ಮನೆಯ ಗೇಟಿನವರೆಗೆ ಕೇಳುತ್ತದೆ. ನನ್ನ ಕೋಣೆಯ ಬಾಗಿಲು ಹಾಕಿದ್ದರೂ ಆಫೀಸಿನ ಕರೆಯಲ್ಲಿರುವವರಿಗೆ ಧಾರಾವಾಹಿಯ ಅಳು ಸ್ಪಷ್ಟವಾಗಿ ಕೇಳಿಸುತ್ತದೆ.

ಅವರು ಟಿ.ವಿ. ನೋಡಬಾರದೆಂದು ನಾನು ಹೇಳುತ್ತಿಲ್ಲ. ಜೀವಮಾನವಿಡೀ ದುಡಿದವರು, ಅವರ ಹೊತ್ತು ಅವರದು. ಆದರೆ ಒಂದೇ ಸುದ್ದಿಯನ್ನು ಬೆಳಗಿನಿಂದ ಸಂಜೆಯವರೆಗೆ ಕೇಳಿ ತಂದೆ ತಾವೇ ಉದ್ವೇಗಗೊಳ್ಳುತ್ತಾರೆ, ಊಟದಲ್ಲಿ ಕುಳಿತಾಗಲೂ ಅದೇ ಮಾತು. ಶಬ್ದ ಕಡಿಮೆ ಮಾಡಿ ಎಂದರೆ ಮಾಡುತ್ತಾರೆ, ಸ್ವಲ್ಪ ಹೊತ್ತಿಗೆ ಮತ್ತೆ ಏರಿಸುತ್ತಾರೆ. ಹೀಗೆ ದಿನಕ್ಕೊಂದು ಸಣ್ಣ ಮನಸ್ತಾಪ. ಅವರ ಮನಸ್ಸಿಗೆ ನೋವಾಗದಂತೆ, ನಮ್ಮ ಕೆಲಸವೂ ಕೆಡದಂತೆ ನಡೆಸಿಕೊಂಡು ಹೋಗುತ್ತಿರುವವರು ದಯವಿಟ್ಟು ಬರೆಯಿರಿ.

ಅರಸೀಕೆರೆ_ನಿವೃತ್ತ

ನನಗೆ 74 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಇಂಥ ಚರ್ಚೆಗಳಲ್ಲಿ ಮಕ್ಕಳ ಕಡೆಯ ಮಾತೇ ಹೆಚ್ಚಾಗಿ ಕೇಳಿಬರುತ್ತದೆ. ಆದ್ದರಿಂದ ನಮ್ಮ ಕಡೆಯ ಮಾತನ್ನೂ ಕೊಂಚ ವಿವರವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಮಧ್ಯಾಹ್ನದ್ದನ್ನು ನೀವು ಮರುಪ್ರಸಾರ ಎನ್ನುತ್ತೀರಿ. ನಮ್ಮ ಪಾಲಿಗೆ ಅದೇ ಮೊದಲ ಪ್ರಸಾರ. ರಾತ್ರಿ ಎಂಟರಿಂದ ಹತ್ತರ ನಡುವೆ ಮೊಮ್ಮಕ್ಕಳಿಗೆ ಪರೀಕ್ಷೆಯ ಓದಿರುತ್ತದೆ, ಇಲ್ಲವೇ ಕ್ರಿಕೆಟ್ ಇರುತ್ತದೆ, ಎರಡೂ ಇಲ್ಲದ ದಿನ ರಕ್ತದೊತ್ತಡದ ಮಾತ್ರೆ ನುಂಗಿದ ಮೇಲೆ ನಮಗೇ ಕಣ್ಣೆಳೆಯುತ್ತದೆ. ನನ್ನ ಪತ್ನಿ ರಾತ್ರಿ ನೋಡಲಾಗದ್ದನ್ನು ಮಾರನೆಯ ದಿನ ಊಟ ಮುಗಿಸಿ ಗೋಡೆಗೆ ಒರಗಿ ಕುಳಿತು ನಿಶ್ಚಿಂತೆಯಿಂದ ನೋಡುತ್ತಾಳೆ. ಮನೆಯಲ್ಲಿ ಯಾರೂ ಕೆಲಸ ಹೇಳದ, ಯಾರೂ ಕರೆಯದ ಹೊತ್ತು ಅವಳಿಗೆ ಸಿಕ್ಕಿರುವುದು ಅದೊಂದೇ.

ಎರಡನೆಯದು, ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಕೇಳುವ ವಿಚಾರ. ನನಗೆ ಒಂದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೊಂದು ಬಾಕಿ ಇದೆ. ಪರದೆಯ ಕೆಳಗೆ ಓಡುವ ಸಾಲನ್ನು ನಾನು ಅರ್ಧ ಓದುವಷ್ಟರಲ್ಲಿ ಅದು ಮುಗಿದಿರುತ್ತದೆ. ಸುದ್ದಿ ಓದುವವರ ವೇಗವೂ ಮೊದಲಿನಂತಿಲ್ಲ. ಮೊದಲ ಸಲ ಊರಿನ ಹೆಸರು ತಪ್ಪಿಹೋಗುತ್ತದೆ, ಎರಡನೆಯ ಸಲ ಊರು ಸಿಗುತ್ತದೆ, ಏನಾಯಿತೆಂಬುದು ಪೂರ್ತಿ ತಿಳಿಯಬೇಕಾದರೆ ಮೂರನೆಯ ಸಲ ಕೇಳಬೇಕು. ಹೊರಗಿನಿಂದ ನೋಡಿದವರಿಗೆ ಇದು ಚಪಲದಂತೆ ಕಾಣಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಒಂಬತ್ತೂವರೆಗೆ ಮಗ, ಸೊಸೆ, ಮಕ್ಕಳು ಎಲ್ಲರೂ ಹೊರಟ ಮೇಲೆ ಮನೆ ಬಿಕೋ ಎನ್ನುತ್ತದೆ. ಶಾಲೆಯಲ್ಲಿದ್ದಾಗ ದಿನವಿಡೀ ನಾಲ್ಕು ಜನರ ನಡುವೆ ಮಾತಾಡಿಕೊಂಡೇ ಇದ್ದವನಿಗೆ ಆ ಮೌನವನ್ನು ಸಹಿಸುವುದು ಸುಲಭವಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ನಮ್ಮ ಬೀದಿಗೆ ಮೊದಲ ಟಿ.ವಿ. ಬರಲು ಇನ್ನೂ ಕೆಲವು ವರ್ಷ ಬೇಕಾಯಿತು, ಬಂದಾಗ ಇಡೀ ಬೀದಿ ಒಂದೇ ಮನೆಯ ಪಡಸಾಲೆಯಲ್ಲಿ ಕುಳಿತು ನೋಡುತ್ತಿತ್ತು. 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಕೇಬಲ್ ಮನೆಮನೆಗೂ ಹಬ್ಬಿತು, ಪಡಸಾಲೆಗಳು ಬೇರೆಯಾದವು. ಈಗ ಹಗಲು ಹೊತ್ತಿನಲ್ಲಿ ನನ್ನೊಡನೆ ಕನ್ನಡದಲ್ಲಿ ಮಾತಾಡುವ ಧ್ವನಿ ಆ ಪೆಟ್ಟಿಗೆಯದ್ದೊಂದೇ.

ಹಾಗೆಂದು ಚರ್ಚೆ ಆರಂಭಿಸಿದವರ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಕೆಲಸ ಮಾಡುವವರಿಗೆ ನಿಶ್ಶಬ್ದ ಬೇಕು. ನನ್ನ ವಿನಂತಿ ಒಂದೇ: ಹಜಾರದಲ್ಲಿ ಹಾದುಹೋಗುವಾಗ ಮಾತಿಲ್ಲದೆ ರಿಮೋಟ್ ಎತ್ತಿಕೊಂಡು ಶಬ್ದ ಇಳಿಸಿ ಹೋಗಬೇಡಿ. ಬಾಯಿಬಿಟ್ಟು ಹೇಳಿದರೆ ಅದು ಕೋರಿಕೆಯಾಗುತ್ತದೆ. ಹೇಳದೆ ಇಳಿಸಿದರೆ, ಈ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ ಎಂಬುದನ್ನು ನನ್ನ ಕಣ್ಣೆದುರಿಗೇ ತೋರಿಸಿದಂತಾಗುತ್ತದೆ.

ಶ್ರವಣತಜ್ಞೆ_ಹಾಸನ

ಈ ವಿಷಯದಲ್ಲಿ ದಿನವೂ ಕುಟುಂಬಗಳೊಂದಿಗೆ ಮಾತಾಡುವವಳಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. "ಶಬ್ದ ಇಳಿಸುತ್ತಾರೆ, ಸ್ವಲ್ಪ ಹೊತ್ತಿಗೆ ಮತ್ತೆ ಏರಿಸುತ್ತಾರೆ" ಎಂಬ ನಿಮ್ಮ ಒಂದು ಸಾಲು ಸಾಕು. ಇದನ್ನು ಸ್ವಭಾವದ ಪ್ರಶ್ನೆಯಾಗಿ ನೋಡುವ ಮೊದಲು ಕಿವಿಯ ಪ್ರಶ್ನೆಯಾಗಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ವರ್ಷ ದಾಟಿದವರಲ್ಲಿ ಶೇ. 25ಕ್ಕಿಂತ ಹೆಚ್ಚು ಜನರಿಗೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣದೋಷ ಇರುತ್ತದೆ.

ವಯಸ್ಸಿನಿಂದ ಬರುವ ಶ್ರವಣದೋಷದಲ್ಲಿ ಎಲ್ಲ ಶಬ್ದಗಳೂ ಒಂದೇ ಪ್ರಮಾಣದಲ್ಲಿ ಕ್ಷೀಣಿಸುವುದಿಲ್ಲ. ಮೊದಲು ಹೋಗುವುದು ಹೆಚ್ಚಿನ ಕಂಪನಾಂಕದ, ಅಂದರೆ ತೀಕ್ಷ್ಣವಾದ ಸದ್ದುಗಳು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಆ ಭಾಗದಲ್ಲಿಯೇ. ಸ್ವರಗಳು ಕೆಳಗಿನ ಕಂಪನಾಂಕದವು, ಅವು ಬಹುಕಾಲ ಚೆನ್ನಾಗಿಯೇ ಕೇಳಿಸುತ್ತವೆ. ಹೀಗಾಗಿ "ನನಗೆ ಕೇಳಿಸುತ್ತದೆ, ಆದರೆ ಏನು ಹೇಳುತ್ತಾರೆಂದು ತಿಳಿಯುವುದಿಲ್ಲ" ಎಂದು ಹಿರಿಯರು ಹೇಳುವುದು ಅಕ್ಷರಶಃ ನಿಜ. ಅವರು ಶಬ್ದ ಏರಿಸಿದಾಗ ಈಗಾಗಲೇ ಕೇಳಿಸುತ್ತಿದ್ದ ಸ್ವರಗಳೂ ಹಿನ್ನೆಲೆ ಸಂಗೀತವೂ ಇನ್ನಷ್ಟು ಜೋರಾಗುತ್ತವೆ, ಬೇಕಾಗಿದ್ದ ವ್ಯಂಜನಗಳು ಆ ಗದ್ದಲದಡಿ ಹೂತುಹೋಗುತ್ತವೆ. ಆಗ ಮತ್ತೆ ಏರಿಸುತ್ತಾರೆ. ಧಾರಾವಾಹಿಗಳಲ್ಲಿ ಮಾತಿನ ಕೆಳಗೆ ಸದಾ ಸಂಗೀತ ಇರುವುದರಿಂದಲೂ, ಸುದ್ದಿ ಚರ್ಚೆಗಳಲ್ಲಿ ಒಬ್ಬರ ಮೇಲೊಬ್ಬರು ಮಾತಾಡುವುದರಿಂದಲೂ ಹಗಲಿನ ಟಿ.ವಿ. ಇಂಥ ಕಿವಿಗಳಿಗೆ ವಿಶೇಷವಾಗಿ ಕಷ್ಟ.

ಇದರ ಜೊತೆಗೆ ಈಗಿನ ತೆಳು ಟಿ.ವಿ.ಗಳ ಧ್ವನಿವರ್ಧಕಗಳು ಬಹುತೇಕ ಕೆಳಮುಖವಾಗಿಯೋ ಹಿಂಬದಿಗೋ ಇರುತ್ತವೆ. ಮಾತು ಗೋಡೆಗೆ ಬಡಿದು, ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲಕ್ಕೆ ಬಡಿದು, ಕಲಸಿಕೊಂಡು ಅವರ ಕುರ್ಚಿಯನ್ನು ತಲಪುತ್ತದೆ.

ನೀವು ಮೊದಲು ಮಾಡಬೇಕಾದದ್ದು ಕಿವಿಯ ತಪಾಸಣೆ. ಗುಗ್ಗೆ ಗಟ್ಟಿಯಾಗಿ ಕೂತು ಕೇಳಿಸದಿರುವುದು ಹಿರಿಯರಲ್ಲಿ ಬಹಳ ಸಾಮಾನ್ಯ, ಅದನ್ನು ವೈದ್ಯರ ಬಳಿ ತೆಗೆಸಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯುವುದುಂಟು. ಮನೆಯಲ್ಲಿ ಹೇರ್‌ಪಿನ್, ಬೆಂಕಿಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಅದಾದ ಮೇಲೆ ಶ್ರವಣ ಪರೀಕ್ಷೆ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗವಿದೆ. ಇನ್ನೂ ವಿವರವಾದ ಪರೀಕ್ಷೆ ಬೇಕಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಹಾಸನದಿಂದ ರೈಲಿನಲ್ಲಿಯೇ ಹೋಗಬಹುದು.

ಶ್ರವಣ ಸಾಧನ ಬೇಕೆಂದು ಹೇಳಿದರೆ, ಅದನ್ನು ಹಾಕಿಕೊಂಡ ಮೊದಲ ದಿನವೇ ಎಲ್ಲ ಸರಿಹೋಗುತ್ತದೆ ಎಂದು ನಿರೀಕ್ಷಿಸಬೇಡಿ. ಬಹುಕಾಲ ಕೇಳಿಸದೇ ಇದ್ದ ಪಾತ್ರೆಯ ಸದ್ದು, ಕಾಗದದ ಸರಪರ, ಫ್ಯಾನಿನ ಗಾಳಿ ಒಮ್ಮೆಲೇ ಕಿವಿಗೆ ಬಿದ್ದಾಗ ಅನೇಕರು ಬೇಸತ್ತು ಅದನ್ನು ಡಬ್ಬಿಗೆ ಹಾಕಿಬಿಡುತ್ತಾರೆ. ಮೆದುಳು ಅದಕ್ಕೆ ಒಗ್ಗಿಕೊಳ್ಳಲು ಕೆಲವು ವಾರಗಳು ಬೇಕು. ದಿನಕ್ಕೆ ಸ್ವಲ್ಪ ಹೊತ್ತಿನಿಂದ ಆರಂಭಿಸಿ ಹೆಚ್ಚಿಸಬೇಕು, ಮಧ್ಯೆ ಮಧ್ಯೆ ಸರಿಹೊಂದಿಸಲು ತಜ್ಞರ ಬಳಿ ಮರಳಿ ಹೋಗಲೇಬೇಕು. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ 60 ವರ್ಷ ಮೇಲ್ಪಟ್ಟ ಬಡ ಹಿರಿಯರಿಗೆ ನೀಡುವ ಸಾಧನಗಳಲ್ಲಿ ಶ್ರವಣ ಸಾಧನವೂ ಸೇರಿದೆ. ಅರ್ಹರಿದ್ದರೆ ವಿಚಾರಿಸಿ. ಹಿರಿಯರ ಸಹಾಯವಾಣಿ 14567ರಲ್ಲಿಯೂ ಮಾಹಿತಿ ಕೇಳಬಹುದು.

ಜೊತೆಗೆ ಟಿ.ವಿ.ಯ ಧ್ವನಿ ಸೆಟ್ಟಿಂಗ್‌ನೊಳಗೆ ಹೋಗಿ, ಮಾತನ್ನು ಸ್ಪಷ್ಟಗೊಳಿಸುವ ಆಯ್ಕೆ ಇದೆಯೇ ನೋಡಿ. ಬಹಳಷ್ಟು ಟಿ.ವಿ.ಗಳಲ್ಲಿ ಇರುತ್ತದೆ, ಆದರೆ ಯಾರೂ ತೆರೆದು ನೋಡಿರುವುದಿಲ್ಲ. ಬಾಸ್ ಕಡಿಮೆ ಮಾಡಿ, ಟ್ರೆಬಲ್ ಹೆಚ್ಚಿಸಿ. ಎಲ್ಲಕ್ಕಿಂತ ಸುಲಭವಾದದ್ದು, ಒಂದು ಚಿಕ್ಕ ಸ್ಪೀಕರನ್ನು ಟಿ.ವಿ.ಗೆ ಜೋಡಿಸಿ ತಂದೆಯವರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಡುವುದು. ದೂರ ಕಡಿಮೆಯಾದರೆ ಅವರಿಗೆ ಬೇಕಾದ ಜೋರು ಅವರ ಕಿವಿಯ ಬಳಿಯೇ ಸಿಗುತ್ತದೆ, ಮನೆಯೆಲ್ಲ ಹರಡಬೇಕಾಗಿಲ್ಲ.

ಮೂಡಿಗೆರೆ_ತೋಟದಮನೆ

ನಮ್ಮಲ್ಲಿ ಪರಿಸ್ಥಿತಿ ತಿರುಗುಮುರುಗು. ನಮ್ಮ ಅತ್ತೆಯವರಿಗೆ 80 ದಾಟಿದೆ. ಮನೆ ತೋಟದ ನಡುವೆ ಇದೆ, ಹತ್ತಿರದ ಇನ್ನೊಂದು ಮನೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಜೂನ್ ಹಿಡಿದರೆ ಆಗಸ್ಟ್ ಮುಗಿಯುವವರೆಗೆ ಅವರು ಜಗಲಿಯಿಂದ ಕೆಳಗೆ ಇಳಿಯುವಂತಿಲ್ಲ, ಅಂಗಳವೆಲ್ಲ ಪಾಚಿ. ಈ ಮೂರು ತಿಂಗಳು ಟಿ.ವಿ. ಇಲ್ಲದಿದ್ದರೆ ಅವರ ಪಾಡೇನೆಂದು ನನಗೆ ಯೋಚಿಸಲೂ ಆಗುವುದಿಲ್ಲ.

ಆದರೆ ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಅದು ಕೈಕೊಡುತ್ತದೆ. ಛಾವಣಿಯ ಮೇಲಿನ ಡಿಶ್‌ಗೆ ಬರುವ ಸಂಕೇತವನ್ನು ಜೋರುಮಳೆಯ ಹನಿಗಳೇ ಹೀರಿಕೊಳ್ಳುವುದರಿಂದ, ನಮ್ಮ ಕಡೆಯ ಮಳೆಗೆ ಪರದೆಯ ಮೇಲೆ ಚೌಕಚೌಕವಾಗಿ ಚಿತ್ರ ಒಡೆದು ಕೊನೆಗೆ ಸಂಕೇತವಿಲ್ಲ ಎಂಬ ಬರಹ ನಿಂತುಬಿಡುತ್ತದೆ. ಕರೆಂಟ್ ಹೋದರಂತೂ ಕೇಳುವುದೇ ಬೇಡ. ಆಗ ಅತ್ತೆಯವರು ಕುಳಿತಲ್ಲಿ ಕೂರುವುದಿಲ್ಲ, ಅಡುಗೆಮನೆಗೂ ಜಗಲಿಗೂ ಓಡಾಡುತ್ತಾರೆ, ಮಗ ತೋಟದಿಂದ ಬಂದನೇ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಮಳೆಯ ಸದ್ದೊಂದೇ ಕೇಳುವ ಮನೆಯಲ್ಲಿ ಅವರಿಗೆ ಭಯವಾಗುತ್ತದೆ.

ನಾವು ಮಾಡಿಕೊಂಡಿರುವ ವ್ಯವಸ್ಥೆ ಹೀಗಿದೆ. ಬ್ಯಾಟರಿಯಲ್ಲಿ ನಡೆಯುವ ರೇಡಿಯೊ ಒಂದನ್ನು ಮಳೆಗಾಲಕ್ಕೆ ಮುಂಚೆಯೇ ತಂದು ಸೆಲ್ ಸಮೇತ ಅವರ ಕೈಗೆಟಕುವ ಗೂಡಿನಲ್ಲಿ ಇಟ್ಟಿದ್ದೇವೆ. ಭಕ್ತಿಗೀತೆ, ಹರಿಕಥೆ, ಯಕ್ಷಗಾನಗಳನ್ನು ಪೆನ್‌ಡ್ರೈವಿಗೆ ತುಂಬಿಸಿಟ್ಟಿದ್ದೇವೆ. ಇನ್ವರ್ಟರ್ ಇರುವಷ್ಟು ಹೊತ್ತು, ಸಂಕೇತ ಇಲ್ಲದಿದ್ದರೂ ಟಿ.ವಿ.ಯಲ್ಲಿ ಅದನ್ನು ಹಾಕಿಕೊಳ್ಳುತ್ತಾರೆ. ಸಹಿಸಿಕೊಳ್ಳುವ ಮಾತು ಬಂದಾಗ, ಟಿ.ವಿ. ನಿಂತರೆ ಅದರ ಜಾಗದಲ್ಲಿ ಏನಿರುತ್ತದೆ ಎಂಬುದನ್ನೂ ದಯವಿಟ್ಟು ಯೋಚಿಸಿ.

ಚಿಕ್ಕಮಗಳೂರು_ಬೆಂಗಳೂರು

ಶಬ್ದಕ್ಕಿಂತ ನನಗೆ ದೊಡ್ಡ ಚಿಂತೆ ಜಾಹೀರಾತುಗಳದ್ದು. ತಂದೆ-ತಾಯಿ ಚಿಕ್ಕಮಗಳೂರಿನಲ್ಲಿ ಇಬ್ಬರೇ ಇದ್ದಾರೆ, ನಾನು ವಾರಾಂತ್ಯಕ್ಕೆ ಬಂದು ಹೋಗುತ್ತೇನೆ. ಹಗಲು ಹೊತ್ತಿನಲ್ಲಿ ಬರುವ ಅರ್ಧ ಗಂಟೆಯ ಕಾರ್ಯಕ್ರಮದಂಥ ಜಾಹೀರಾತುಗಳಲ್ಲಿ ಮಂಡಿನೋವಿನ ಎಣ್ಣೆ, ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಪುಡಿ, ಹಣ ತರುವ ಯಂತ್ರ, ಹೀಗೆ ಏನೆಲ್ಲ ಬರುತ್ತದೆ. ತಂದೆಯವರು ಪರದೆಯ ಮೇಲಿನ ಸಂಖ್ಯೆಗೆ ಕರೆಮಾಡಿ ಸಕ್ಕರೆ ಕಾಯಿಲೆಯ ಪುಡಿಯನ್ನು ತರಿಸಿಕೊಂಡು, ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿದ್ದರು. ತಾಯಿಗೂ ಹೇಳಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಏರಿದ್ದು ಕಂಡ ಮೇಲೆಯೇ ವಿಷಯ ಹೊರಬಿದ್ದದ್ದು.

ಎಲ್ಲರಿಗೂ ತಿಳಿದಿರಲಿ, ಮಧುಮೇಹವೂ ಸೇರಿದಂತೆ ಹಲವು ಕಾಯಿಲೆಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯೇ ನಿಷೇಧಿಸಿದೆ. ಇಂಥದ್ದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಜಾಹೀರಾತಿನಲ್ಲಿ ತೋರಿಸುವ ಸಂಖ್ಯೆಗೆ ಒಮ್ಮೆ ಕರೆಮಾಡಿದರೆ ಮುಂದೆ ಬೇರೆ ಬೇರೆ ಸಂಖ್ಯೆಗಳಿಂದ ಕರೆಗಳು ಬರತೊಡಗುತ್ತವೆ. ಆನ್‌ಲೈನ್ ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಮನೆಯಲ್ಲಿ ನಾವು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಟಿ.ವಿ. ನೋಡಿ ಏನು ತರಿಸುವುದಿದ್ದರೂ ನನಗೆ ಒಂದು ಫೋನ್, ಔಷಧವಾದರೆ ವೈದ್ಯರಿಗೂ ಒಂದು ಮಾತು. ಬೈಯದೆ ಹೇಳಿದ್ದರಿಂದ ಈಗ ತಂದೆಯವರೇ ಫೋನ್ ಮಾಡಿ, "ಇದು ನಿಜವೇ ನೋಡು" ಎಂದು ಕೇಳುತ್ತಾರೆ.

ಬೇಲೂರು_ಸೊಸೆ

ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ಪಂಚಾಂಗ, ಪೂಜೆ, ಪ್ರವಚನದ ಕಾರ್ಯಕ್ರಮಗಳನ್ನೂ ಅದೇ ಗುಂಪಿಗೆ ಸೇರಿಸಬೇಡಿ. ನಮ್ಮ ಅತ್ತೆಗೆ ಮಂಡಿಯಿಂದಾಗಿ ದೇವಸ್ಥಾನದ ಮೆಟ್ಟಿಲು ಹತ್ತಲಾಗುವುದಿಲ್ಲ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಆಶ್ವೀಜದಲ್ಲಿ ತೆರೆದಾಗ ಆ ಸರತಿಯಲ್ಲಿ ಗಂಟೆಗಟ್ಟಲೆ ನಿಲ್ಲುವ ಶಕ್ತಿ ಅವರಿಗಿಲ್ಲ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನೂ ಅವರು ಮನೆಯಲ್ಲೇ ಕುಳಿತು ನೋಡಿದರು. ಬಾಗಿಲು ತೆರೆಯುವ ದೃಶ್ಯ ಬಂದಾಗ ಕುಳಿತಲ್ಲಿಂದಲೇ ಕೈಮುಗಿಯುತ್ತಾರೆ, ನಮ್ಮನ್ನೂ ಕೂಗಿ ಕರೆಯುತ್ತಾರೆ. ಅಂಥ ಹೊತ್ತಿನಲ್ಲಿ ಶಬ್ದ ಜೋರಾಯಿತೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಕಡೂರು_ಮಗಳು

ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. ನನ್ನ ತಾಯಿಗೆ ಮರೆವಿನ ಕಾಯಿಲೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜು ಇರುವುದರಿಂದ, ಓದುತ್ತಿರುವವರಲ್ಲಿ ಕೆಲವರ ಮನೆಯಲ್ಲಾದರೂ ಇದು ಇದ್ದೇ ಇರುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ.

ನನ್ನ ತಾಯಿಗೆ ಪರದೆಯ ಮೇಲಿನದಕ್ಕೂ ಮನೆಯೊಳಗಿನದಕ್ಕೂ ನಡುವಿನ ಗೆರೆ ಅಳಿಸಿಹೋಗಿದೆ. ಅಪರಾಧದ ಸುದ್ದಿಯಲ್ಲಿ ಮಚ್ಚು ಹಿಡಿದವನನ್ನು ತೋರಿಸಿದರೆ ಅವನು ನಮ್ಮ ಗೇಟಿನ ಬಳಿ ಇದ್ದಾನೆಂದು ತಿಳಿದು ಚಿಲಕ ಹಾಕಿಸುತ್ತಾರೆ. ಸಂಜೆಯಾಗುತ್ತಿದ್ದಂತೆ ಈ ಗಾಬರಿ ಹೆಚ್ಚು. ಧಾರಾವಾಹಿಯ ಸೊಸೆ ಅಳುತ್ತಿದ್ದರೆ "ಆ ಹುಡುಗಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದು ತಟ್ಟೆಗೆ ಎರಡು ಇಡ್ಲಿ ಹಾಕಿ, ಚಟ್ನಿಯನ್ನೂ ಬಡಿಸಿ, ಟಿ.ವಿ.ಯ ಮುಂದೆ ತಂದಿಡುತ್ತಾರೆ.

ವೈದ್ಯರ ಸಲಹೆಯಂತೆ ಸುದ್ದಿ ಚಾನೆಲ್ಲುಗಳನ್ನು ಪೂರ್ತಿ ತೆಗೆದಿದ್ದೇವೆ. ಹಳೆಯ ಹಾಡುಗಳು, ಅಡುಗೆ, ಪ್ರಾಣಿಗಳ ಕಾರ್ಯಕ್ರಮ, ಇಷ್ಟೇ ಈಗ. ಯಾರೂ ನೋಡದಿರುವಾಗ ಟಿ.ವಿ. ಸುಮ್ಮನೆ ಓಡುತ್ತಿರಲು ಬಿಡುವುದಿಲ್ಲ. ಕತ್ತಲಾದ ಮೇಲೆ ಆರಿಸಿದ ಪರದೆಯ ಕಪ್ಪಿನಲ್ಲಿ ತಮ್ಮದೇ ನೆರಳು ಕಂಡು ಹೆದರಿದ್ದರಿಂದ ಅದರ ಮೇಲೊಂದು ಬಟ್ಟೆ ಹೊದಿಸುತ್ತೇವೆ. ಹಿರಿಯರು ಟಿ.ವಿ.ಯಲ್ಲಿ ಕಂಡದ್ದನ್ನು ನಿಜವೆಂದು ಹೇಳತೊಡಗಿದರೆ, ಅಥವಾ ತಾವು ಸದಾ ನೋಡುತ್ತಿದ್ದ ಕಥೆಯ ಎಳೆಯನ್ನೇ ಹಿಡಿಯಲಾರದೆ ಹೋದರೆ, ಅದನ್ನು ವಯಸ್ಸಿನ ತಮಾಷೆಯೆಂದು ಬಿಡದೆ ವೈದ್ಯರಿಗೆ ತೋರಿಸಿ.

ಶ್ರವಣತಜ್ಞೆ_ಹಾಸನ

ಕಡೂರಿನವರು ಬರೆದದ್ದಕ್ಕೆ ಒಂದು ಸೇರ್ಪಡೆ. ಚಿಕಿತ್ಸೆಯಿಲ್ಲದೆ ಬಿಟ್ಟ ಶ್ರವಣದೋಷವು ಡಿಮೆನ್ಷಿಯಾದ ಅಪಾಯವನ್ನು ಹೆಚ್ಚಿಸುವ, ಆದರೆ ನಾವು ಬದಲಿಸಬಹುದಾದ ಅಂಶಗಳಲ್ಲಿ ಒಂದೆಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2020 ಮತ್ತು 2024ರ ವರದಿಗಳು ಹೇಳಿವೆ. ಟಿ.ವಿ. ಶಬ್ದದ ಜಗಳದಿಂದಲೇ ತಪಾಸಣೆಗೆ ಬರುವ ಕುಟುಂಬಗಳು ಬಹಳ. ಕಾರಣ ಯಾವುದಾದರೂ ಇರಲಿ, ಬಂದರೆ ಒಳ್ಳೆಯದು.

ಹಾಸನ_ಹಜಾರ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆ. ಈ ನಡುವೆ ತಂದೆಯವರನ್ನು ತಪಾಸಣೆಗೆ ಕರೆದೊಯ್ದೆ. ಬಲಗಿವಿಯಲ್ಲಿ ಗುಗ್ಗೆ ತುಂಬಿತ್ತು, ತೆಗೆದರು. ಶ್ರವಣ ಪರೀಕ್ಷೆಯ ನಕ್ಷೆ ತಜ್ಞೆಯವರು ಇಲ್ಲಿ ವಿವರಿಸಿದ ಹಾಗೆಯೇ ಎಡಗಡೆ, ಅಂದರೆ ಕೆಳಗಿನ ಕಂಪನಾಂಕದಲ್ಲಿ, ಸಮವಾಗಿದ್ದು ಹೆಚ್ಚಿನ ಕಂಪನಾಂಕದ ಬಲಗಡೆಗೆ ಹೋದಂತೆ ಇಳಿಯುತ್ತ ಹೋಗಿದೆ. ಎರಡೂ ಕಿವಿಗೆ ಸಾಧನ ಹಾಕಿದರೆ ಒಳ್ಳೆಯದೆಂದರು. ತಂದೆ ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ, ನಾನು ಒತ್ತಾಯಿಸಿಲ್ಲ. ಸದ್ಯಕ್ಕೆ ಸ್ಪೀಕರನ್ನು ಅವರ ಕುರ್ಚಿಯ ಬಲಕ್ಕೆ, ಸ್ಟೂಲಿನ ಮೇಲೆ ಇಟ್ಟಿದ್ದೇವೆ. ನನ್ನ ಕೋಣೆಗೆ ಈಗ ಮಾತು ತಲಪುವುದಿಲ್ಲ, ಸಂಗೀತ ಮಾತ್ರ ಸಣ್ಣಗೆ ಕೇಳುತ್ತದೆ.

ಆದರೆ ಇದನ್ನು ಮಾಡುವಾಗ ಮನೆಯೊಳಗಿನ ಇನ್ನೊಂದು ಸಂಗತಿ ತಿಳಿಯಿತು. ಹನ್ನೊಂದರಿಂದ ಒಂದರವರೆಗೆ ಶಬ್ದ ಏರಿಸುತ್ತಿದ್ದವರು ತಂದೆಯಲ್ಲ, ತಾಯಿ. ಆ ಹೊತ್ತಿನಲ್ಲಿ ತಂದೆ ಪೇಪರ್ ಹಿಡಿದು ತೂಕಡಿಸುತ್ತಿರುತ್ತಾರೆ. ತಾಯಿ ಒಲೆಯ ಮುಂದೆ ನಿಂತು, ಒಗ್ಗರಣೆಯ ಚಟಪಟ, ಕುಕ್ಕರಿನ ಕೂಗು, ನಲ್ಲಿಯ ನೀರು ಇವೆಲ್ಲದರ ನಡುವೆ ಹಜಾರದ ಕಾರ್ಯಕ್ರಮವನ್ನು ಕೇಳಿಸಿಕೊಳ್ಳುತ್ತಾರೆ. ಅವರು ಅದನ್ನು ನೋಡುವುದೇ ಇಲ್ಲ. ಕಿವಿಗೊಟ್ಟು ಕೇಳುತ್ತಾರೆ, ಏನಾದರೂ ಮಹತ್ವದ್ದು ಬಂತೆನಿಸಿದರೆ ಮಾತ್ರ ಸೌಟು ಹಿಡಿದೇ ಬಾಗಿಲಿಗೆ ಬಂದು ಇಣುಕಿ ಹೋಗುತ್ತಾರೆ. ಅವರಿಗಾಗಿ ಅಡುಗೆಮನೆಯ ಕಪಾಟಿನ ಮೇಲೊಂದು ಚಿಕ್ಕ ರೇಡಿಯೊ ಇಟ್ಟೆವು. ಹಾಸನ ಆಕಾಶವಾಣಿಯ ಹಾಡುಗಳು ಅವರಿಗೆ ಹಿಡಿಸಿವೆ. ಆದರೂ ಅಡುಗೆ ಕಾರ್ಯಕ್ರಮ ಬರುವ ಹೊತ್ತಿಗೆ ಟಿ.ವಿ.ಯೇ ಬೇಕೆನ್ನುತ್ತಾರೆ.

ಉಳಿದಿರುವುದು ಸುದ್ದಿಯ ಪ್ರಶ್ನೆ. ತಂದೆಯವರಿಗೆ ತಂತಿಯಿಲ್ಲದ ಹೆಡ್‌ಫೋನ್ ತಂದುಕೊಟ್ಟರೆ ಹೇಗೆ?

ಅರಸೀಕೆರೆ_ನಿವೃತ್ತ

ಹೆಡ್‌ಫೋನ್ ಬಗ್ಗೆ ನನ್ನ ಆಕ್ಷೇಪವಿದೆ. ನನಗೂ ಮಗ ತಂದುಕೊಟ್ಟಿದ್ದಾನೆ. ಅದನ್ನು ಹಾಕಿಕೊಂಡರೆ ಟಿ.ವಿ. ಬಹಳ ಚೆನ್ನಾಗಿ ಕೇಳಿಸುತ್ತದೆ ಎಂಬುದು ನಿಜ, ಆದರೆ ಬಾಗಿಲ ಗಂಟೆ ಕೇಳಿಸುವುದಿಲ್ಲ, ಕೊರಿಯರ್‌ನವನು ಬಂದು ವಾಪಸ್ ಹೋಗುತ್ತಾನೆ, ಸ್ನಾನದ ಮನೆಯಿಂದ ಪತ್ನಿ ಕೂಗಿದ್ದು ಕೇಳಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದುವರೆಗೆ ಇಬ್ಬರೂ ಕೂತು "ಇವನು ಸುಳ್ಳು ಹೇಳುತ್ತಾನೆ, ನೋಡು", "ಅವಳ ಅಮ್ಮ ಸರಿಯಿಲ್ಲ" ಎಂದು ಮಾತಾಡಿಕೊಂಡು ನೋಡುತ್ತಿದ್ದದ್ದು ನಿಂತುಹೋಗುತ್ತದೆ. ನಿಮ್ಮ ಕೆಲಸದ ಕರೆ ಇರುವ ಹೊತ್ತಿಗೆ ಮಾತ್ರ ಹಾಕಿಕೊಳ್ಳಿ ಎಂದು ಕೇಳಿ, ಖಂಡಿತ ಒಪ್ಪುತ್ತಾರೆ. ದಿನವಿಡೀ ಎಂದರೆ ಅದು ಅವರನ್ನು ಮನೆಯೊಳಗಿದ್ದೂ ಹೊರಗಿಟ್ಟಂತೆ.

ಶ್ರವಣತಜ್ಞೆ_ಹಾಸನ

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ಹಿರಿಯರಿಬ್ಬರೇ ಇರುವ ಮನೆಗಳಲ್ಲಿ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನನ್ನು ನಾನು ಸೂಚಿಸುವುದಿಲ್ಲ. ಶ್ರವಣ ಸಾಧನ ಕೊಳ್ಳುವವರು, ಟಿ.ವಿ.ಯ ಧ್ವನಿ ನೇರವಾಗಿ ಸಾಧನಕ್ಕೇ ಬರುವ ಸೌಲಭ್ಯವಿದೆಯೇ ಎಂದು ಕೇಳಿ ನೋಡಿ. ಹಾಗಿದ್ದರೆ ಟಿ.ವಿ.ಯ ಮಾತೂ ಕೇಳಿಸುತ್ತದೆ, ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುತ್ತದೆ.

ಚಿಕ್ಕಮಗಳೂರು_ಶುಶ್ರೂಷಕಿ

ಒಂದೇ ಮಾತು. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುವುದರಿಂದ ಕಾಲು ಊದುತ್ತದೆ, ಮಂಡಿ ಹಿಡಿಯುತ್ತದೆ, ಸಕ್ಕರೆ ಏರುತ್ತದೆ. ನಿಯಮದಂತೆ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಇರಬಹುದು. ಪ್ರತಿ ಜಾಹೀರಾತಿಗೂ ಎದ್ದು ಹಜಾರದಿಂದ ಹಿತ್ತಿಲಬಾಗಿಲವರೆಗೆ ಒಮ್ಮೆ ಹೋಗಿಬರಲು, ಒಂದು ಲೋಟ ನೀರು ಕುಡಿಯಲು ಹೇಳಿ. ಕಾರ್ಯಕ್ರಮ ತಪ್ಪುವುದಿಲ್ಲವಾದ್ದರಿಂದ ಒಪ್ಪುತ್ತಾರೆ. ಎದ್ದಾಗ ಕಾಲಿಗೆ ಸಿಕ್ಕುವಂತೆ ನೆಲದ ಮೇಲೆ ಸ್ಪೀಕರಿನ ತಂತಿ ಬಿದ್ದಿರಬಾರದು. ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ವಾರ್ಡಿನಲ್ಲಿ ನೋಡಿ ನೋಡಿ ಹೇಳುತ್ತಿದ್ದೇನೆ.

ಹಾಸನ_ಹಜಾರ

ತಂತಿಯನ್ನು ಗೋಡೆಯಂಚಿಗೆ ಟೇಪು ಹಾಕಿ ಅಂಟಿಸಿದ್ದೇನೆ. ಮೇಷ್ಟ್ರ ಸಲಹೆಯಂತೆ ಬೆಳಿಗ್ಗೆ ಕಾಫಿಯ ಹೊತ್ತಿಗೇ ನನ್ನ ಕರೆಗಳ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ತಂದೆಯವರಿಗೆ ಕೊಡುತ್ತಿದ್ದೇನೆ. ಅವರು ಅದನ್ನು ರಿಮೋಟಿನ ಕೆಳಗೆ ಇಟ್ಟುಕೊಂಡು ಪಾಲಿಸುತ್ತಿದ್ದಾರೆ. ಹೆಡ್‌ಫೋನ್ ಬೇಡವೆಂದರು, ಆ ಹೊತ್ತಿನಲ್ಲಿ ಪೇಪರ್ ಓದುತ್ತೇನೆ ಎಂದರು. ಇನ್ನೊಂದೇ ಪ್ರಶ್ನೆ ಇದೆ ಮೇಷ್ಟ್ರೇ. ಸುದ್ದಿಯ ಉದ್ವೇಗ ಕಡಿಮೆಯಾಗಬೇಕಾದರೆ ಅದರ ಹೊತ್ತನ್ನು ಕಡಿಮೆ ಮಾಡಲೇಬೇಕು. ಅದನ್ನು ಅವರಿಗೆ ಹೇಗೆ ಹೇಳಲಿ?

ಅರಸೀಕೆರೆ_ನಿವೃತ್ತ

ಕಡಿಮೆ ಮಾಡಿ ಎಂದು ಹೇಳಬೇಡಿ. ಯಾವುದು ತಪ್ಪಿಹೋದರೆ ನಿಜವಾಗಿಯೂ ಬೇಸರವಾಗುತ್ತದೆ ಎಂದು ಅವರನ್ನೇ ಕೇಳಿ. ನನ್ನನ್ನು ಕೇಳಿದ್ದರೆ ಬೆಳಗಿನ ಒಂದು ಸುದ್ದಿ, ಸಂಜೆಯ ಒಂದು ಸುದ್ದಿ, ಮತ್ತು ಚಂದನದಲ್ಲಿ 2002ರಿಂದ ನಡೆದುಬಂದ ‘ಥಟ್ ಅಂತ ಹೇಳಿ’, ಇಷ್ಟೇ ಹೇಳುತ್ತಿದ್ದೆ. ರಸಪ್ರಶ್ನೆಯಲ್ಲಿ ಉತ್ತರ ನಾನೇ ಮೊದಲು ಹೇಳಬೇಕೆಂದು ಮೊಮ್ಮಗನೊಡನೆ ಪೈಪೋಟಿ ನಡೆಯುತ್ತದೆ, ಆದ್ದರಿಂದ ಅದು ತಪ್ಪಬಾರದು. ಉಳಿದ ಹೊತ್ತಿನ ಸುದ್ದಿ ಯಾರೂ ಇಲ್ಲದ್ದಕ್ಕೆ ಹಾಕಿಕೊಂಡದ್ದು. ಮಧ್ಯಾಹ್ನ ನಾಲ್ಕಕ್ಕೆ ನಿಮ್ಮ ಕೆಲಸದಿಂದ ಕಾಲು ಗಂಟೆ ಬಿಡುವು ಮಾಡಿಕೊಂಡು ಹಜಾರಕ್ಕೆ ಬಂದು ಅವರ ಪಕ್ಕದಲ್ಲಿ ಕಾಫಿ ಕುಡಿಯಿರಿ. ಟಿ.ವಿ. ಆರಿಸಿ ಎಂದು ಮಾತ್ರ ಹೇಳಬೇಡಿ, ಬೇಕೆನಿಸಿದರೆ ಅವರೇ ಆರಿಸುತ್ತಾರೆ.